ಮೋರ್ಬಿ: ವಿಕೋಪಗಳ ನಡುವೆ ಬೆಳೆದ ಉದ್ಯಮ ಪಟ್ಟಣ

ನಮ್ಮ ರಾಜ್ಯದ ಯಾವ ಊರಿನ ಟೈಲ್ಸ್ ಅಂಗಡಿಗೆ ಹೋದರೂ ಗುಜರಾತಿನ ಮೋರ್ಬಿಯ ಸರಕು ಕಣ್ಣಿಗೆ ಬೀಳುತ್ತದೆ. ದೇಶದ ಸೆರಾಮಿಕ್ ಟೈಲ್ಸ್ ಉತ್ಪಾದನೆಯ ಬಹುಪಾಲು ಆ ಒಂದೇ ಪಟ್ಟಣ ಮತ್ತು ಅದರ ಸುತ್ತಮುತ್ತಲಿನ ಘಟಕಗಳಿಂದ ಬರುತ್ತದೆ. ಗೋಡೆ ಗಡಿಯಾರಗಳ ತಯಾರಿಕೆಯಲ್ಲಿಯೂ ಅದರ ಹೆಸರು ದೊಡ್ಡದು. ನಮ್ಮ ವರ್ತಕರಿಗೆ ಮೋರ್ಬಿ ಎಂದೊಡನೆ ನೆನಪಾಗುವುದು ಸರಕಿನ ದರ, ಲಾರಿ ಬಾಡಿಗೆ ಮತ್ತು ಉದ್ದರಿಯ ಅವಧಿ. ಆದರೆ ಆ ಪಟ್ಟಣಕ್ಕೆ ಇನ್ನೊಂದು ಚರಿತ್ರೆಯೂ ಇದೆ. ಬರ, ಪ್ರವಾಹ, ಚಂಡಮಾರುತ, ಭೂಕಂಪ ಈ ನಾಲ್ಕನ್ನೂ ಅದು ಕಂಡಿದೆ. 1979ರಲ್ಲಿ ಮೇಲಿನ ಅಣೆಕಟ್ಟು ಒಡೆದು ಒಂದೇ ಮಧ್ಯಾಹ್ನ ಊರಿನ ತಗ್ಗು ಪ್ರದೇಶವೆಲ್ಲ ಕೊಚ್ಚಿಹೋಯಿತು. ಅದೇ ಊರು ಇಂದು ನೂರಾರು ಕಾರ್ಖಾನೆಗಳ ನೆಲೆಯಾಗಿದೆ.

ಇಂತಹ ಪಟ್ಟಣದ ಚರಿತ್ರೆಯನ್ನು ವ್ಯಾಪಾರಿಗಳು ಹಾಗೂ ಸಣ್ಣ ಉದ್ಯಮಿಗಳು ಓದುವುದರಿಂದ ಪ್ರಯೋಜನವಿದೆ. ವಿಕೋಪವನ್ನು ತರುವುದು ನಿಸರ್ಗವೇ ಆದರೂ ನಷ್ಟ ಎಷ್ಟಾಗಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಎರಡು ಸಂಗತಿಗಳು: ಮೊದಲೇ ಹಾಕಿಟ್ಟ ಲೆಕ್ಕ ಮತ್ತು ಸಕಾಲಕ್ಕೆ ತಲುಪಿದ ಎಚ್ಚರಿಕೆ. ಮೋರ್ಬಿಯ ಕಳೆದ ನಾಲ್ಕೂವರೆ ದಶಕಗಳ ಅನುಭವ ಇದನ್ನು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ನದಿ, ಬರ ಮತ್ತು ಹಂಚು

ಮೋರ್ಬಿ ಸೌರಾಷ್ಟ್ರದ ಉತ್ತರ ಅಂಚಿನಲ್ಲಿ, ಮಚ್ಛು ನದಿಯ ದಂಡೆಯ ಮೇಲಿದೆ. ಈ ನದಿ ವಾಂಕಾನೇರ್ ಪಟ್ಟಣವನ್ನು ದಾಟಿ ಉತ್ತರಾಭಿಮುಖವಾಗಿ ಹರಿದು, ಮೋರ್ಬಿ ಮತ್ತು ಮಾಳಿಯಾ ಮೂಲಕ ಕಚ್ಛದ ಚಿಕ್ಕ ರಣವನ್ನು ಸೇರುತ್ತದೆ. ಸೌರಾಷ್ಟ್ರದ ಇತರ ನದಿಗಳಂತೆ ಇದೂ ಮಳೆಗಾಲದ ನದಿ. ವರ್ಷದ ಹೆಚ್ಚಿನ ಕಾಲ ಪಾತ್ರ ಬರಿದಾಗಿರುತ್ತದೆ. ಮಳೆ ಒಮ್ಮೆ ಸುರಿದರೆ ಕೆಲವೇ ಗಂಟೆಗಳಲ್ಲಿ ತುಂಬಿ ಹರಿಯುತ್ತದೆ.

ಆ ಸೀಮೆಗೆ ನೀರಿನ ಕೊರತೆಯೇ ಹಳೆಯ ಶತ್ರು. 1899-1900ರ ಮಹಾಕ್ಷಾಮವು ಕಾಠಿಯಾವಾಡ ಮತ್ತು ಗುಜರಾತನ್ನು ಹಿಂಡಿಹಾಕಿತು. ವಿಕ್ರಮ ಶಕೆಯ 1956ನೆಯ ವರ್ಷದಲ್ಲಿ ಬಂದುದರಿಂದ ಅಲ್ಲಿನ ಜನ ಅದನ್ನು ಇಂದಿಗೂ 'ಛಪ್ಪನಿಯೋ' ಎಂದೇ ಕರೆಯುತ್ತಾರೆ. 1980ರ ದಶಕದ ನಡುವೆ ಮತ್ತೆ ಸತತ ಬರ ಬಂದಾಗ ನೆರೆಯ ರಾಜಕೋಟ್ ನಗರಕ್ಕೆ 1986ರಲ್ಲಿ ರೈಲಿನಲ್ಲಿ ಕುಡಿಯುವ ನೀರು ತರಿಸಬೇಕಾಯಿತು. ಇಂತಹ ಪ್ರದೇಶದಲ್ಲಿ ಅಣೆಕಟ್ಟುಗಳನ್ನು ವರವೆಂದು ಜನ ಸ್ವಾಗತಿಸಿದ್ದು ಸಹಜವೇ ಆಗಿತ್ತು. ಮಚ್ಛು ನದಿಗೆ ವಾಂಕಾನೇರ್ ಬಳಿ ಮೊದಲ ಅಣೆಕಟ್ಟು, ಮೋರ್ಬಿಗೆ ಸುಮಾರು ಐದು ಕಿಲೋಮೀಟರ್ ಮೇಲ್ಭಾಗದಲ್ಲಿ ಎರಡನೆಯ ಅಣೆಕಟ್ಟು ಎದ್ದವು. ಎರಡನೆಯದು 1972ರಲ್ಲಿ ಪೂರ್ಣಗೊಂಡಿತು.

ಉದ್ಯಮದ ಕಡೆಯಿಂದ ನೋಡಿದರೆ ಮೋರ್ಬಿಗೂ ನಮ್ಮ ಕರಾವಳಿಗೂ ಒಂದು ಹಳೆಯ ನಂಟಿದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಬಳಿಕ 'ಮಂಗಳೂರು ಹಂಚು' ದೇಶದಾದ್ಯಂತ ಪ್ರಸಿದ್ಧವಾಯಿತು. ಅದೇ ಮಾದರಿಯ ಹಂಚನ್ನು ತಯಾರಿಸಿದ ಊರುಗಳಲ್ಲಿ ಮೋರ್ಬಿಯೂ ಒಂದು. ಮುಂದೆ ನೆಲ ಮತ್ತು ಗೋಡೆಗೆ ಹಾಕುವ ಟೈಲ್ಸ್ ಉದ್ಯಮ ಅಲ್ಲಿ ಬೇರೂರಲು ಹಂಚಿನ ಕಾರ್ಖಾನೆಗಳು ಗಳಿಸಿಕೊಟ್ಟ ಅನುಭವವೂ ಕಾರಣವಾಯಿತು.

1979ರ ಆಗಸ್ಟ್ 11

1979ರ ಆಗಸ್ಟ್ 11, ಶನಿವಾರ. ಮಚ್ಛು ಜಲಾನಯನ ಪ್ರದೇಶದಲ್ಲಿ ಎಡೆಬಿಡದೆ ಭಾರೀ ಮಳೆ ಸುರಿದಿತ್ತು. ಎರಡನೆಯ ಅಣೆಕಟ್ಟಿಗೆ ಬರುತ್ತಿದ್ದ ನೀರು ಗೇಟುಗಳ ಮೂಲಕ ಹೊರಹೋಗುವ ನೀರಿಗಿಂತ ಹೆಚ್ಚಾಯಿತು. ಅಣೆಕಟ್ಟಿನ ನಡುವೆ ಗೇಟುಗಳನ್ನು ಹೊಂದಿದ ಕಲ್ಲುಗಾರೆಯ ಕೋಡಿಯೂ, ಇಕ್ಕೆಲಗಳಲ್ಲಿ ಉದ್ದನೆಯ ಮಣ್ಣಿನ ಏರಿಯೂ ಇದ್ದವು. ನೀರು ಏರಿಯ ನೆತ್ತಿಯ ಮೇಲೆ ಹರಿಯತೊಡಗಿತು. ಮಣ್ಣಿನ ಏರಿಯ ಮೇಲೆ ನೀರು ಹತ್ತಿತೆಂದರೆ ಅದರ ಆಯುಷ್ಯ ಮುಗಿದಂತೆಯೇ ಎಂಬುದು ನಮ್ಮ ಕೆರೆಗಳ ನೀರುಗಂಟಿಗಳಿಗೂ ತಿಳಿದ ಮಾತು. ಎರಡೂ ಬದಿಯ ಏರಿ ಕೊಚ್ಚಿಹೋಯಿತು; ನಡುವಿನ ಕಲ್ಲುಗಾರೆಯ ಭಾಗ ಮಾತ್ರ ನಿಂತಿತು.

ಜಲಾಶಯದಲ್ಲಿದ್ದ ಸುಮಾರು 10 ಕೋಟಿ ಘನ ಮೀಟರ್ ನೀರು ಮೋರ್ಬಿಯ ಕಡೆಗೆ ನುಗ್ಗಿತು. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಊರಿನ ತಗ್ಗು ಪ್ರದೇಶಗಳಲ್ಲಿ 12ರಿಂದ 30 ಅಡಿಗಳವರೆಗೆ ನೀರು ನಿಂತಿತು. ಮಳೆಯ ಹೊಡೆತಕ್ಕೆ ದೂರವಾಣಿ ಸಂಪರ್ಕ ಕೆಟ್ಟಿದ್ದುದರಿಂದ ಅಣೆಕಟ್ಟಿನ ಸ್ಥಿತಿ ಊರಿಗೆ ತಿಳಿಯಲಿಲ್ಲ. ಅಂಗಡಿಗಳಲ್ಲಿದ್ದ ವ್ಯಾಪಾರಿಗಳಿಗೂ ಮನೆಗಳಲ್ಲಿದ್ದವರಿಗೂ ಎದುರಿಗೆ ಬಂದ ನೀರೇ ಮೊದಲ ಸುದ್ದಿಯಾಯಿತು. ಮೋರ್ಬಿಯಿಂದ ಕೆಳಗಿನ ಮಾಳಿಯಾ ಮತ್ತು ನಡುವಿನ ಹಳ್ಳಿಗಳೂ ಈ ಪ್ರವಾಹಕ್ಕೆ ಸಿಲುಕಿದವು.

ಸತ್ತವರ ಸಂಖ್ಯೆಯನ್ನು 1,800ರಿಂದ 25,000ದವರೆಗೆ ಬೇರೆ ಬೇರೆ ಮೂಲಗಳು ಅಂದಾಜು ಮಾಡಿವೆ. ಇಷ್ಟೊಂದು ಅಂತರವಿರುವುದೇ ಅಂದಿನ ವಿನಾಶದ ಸ್ವರೂಪವನ್ನು ಹೇಳುತ್ತದೆ. ಅಂದಿನ ಮುಖ್ಯಮಂತ್ರಿ ಬಾಬುಭಾಯಿ ಪಟೇಲರು ಮೋರ್ಬಿಯಲ್ಲಿಯೇ ಬೀಡುಬಿಟ್ಟು ಪರಿಹಾರ ಕಾರ್ಯದ ಮೇಲ್ವಿಚಾರಣೆ ನಡೆಸಿದರು. ಬಜಾರಿನ ದಾಸ್ತಾನು, ಕಾರ್ಖಾನೆಗಳ ಯಂತ್ರ, ಕಿರ್ದಿ-ಖಾತೆ ಪುಸ್ತಕಗಳು ಎಲ್ಲವೂ ಕೆಸರಿನ ಪಾಲಾದವು. ಲೆಕ್ಕಪುಸ್ತಕ ಹೋದ ವ್ಯಾಪಾರಿಗೆ ಸರಕಿನ ಜೊತೆಗೆ ಬರಬೇಕಾದ ಬಾಕಿಯೂ ಮುಳುಗುತ್ತದೆ. ಈ ಎರಡನೆಯ ನಷ್ಟ ಯಾವ ಪರಿಹಾರದ ಪಟ್ಟಿಯಲ್ಲಿಯೂ ಸೇರುವುದಿಲ್ಲ.

ಲೆಕ್ಕ ತಪ್ಪಿದ್ದೆಲ್ಲಿ?

ಅಣೆಕಟ್ಟಿನ ಕೋಡಿಯನ್ನು ಸೆಕೆಂಡಿಗೆ 5,663 ಘನ ಮೀಟರ್, ಅಂದರೆ ಎರಡು ಲಕ್ಷ ಕ್ಯೂಸೆಕ್ ನೀರು ಹೊರಬಿಡುವಂತೆ ವಿನ್ಯಾಸಗೊಳಿಸಲಾಗಿತ್ತು. ಆ ದಿನ ಬಂದ ಪ್ರವಾಹದ ಅಂದಾಜು ಸೆಕೆಂಡಿಗೆ 16,307 ಘನ ಮೀಟರ್. ಇದು ವಿನ್ಯಾಸದ ಸುಮಾರು ಮೂರು ಪಟ್ಟು. ಅಣೆಕಟ್ಟನ್ನು ಮತ್ತೆ ಕಟ್ಟುವಾಗ ಕೋಡಿಯ ಸಾಮರ್ಥ್ಯವನ್ನು ಸೆಕೆಂಡಿಗೆ ಸುಮಾರು 21,000 ಘನ ಮೀಟರಿಗೆ ಏರಿಸಲಾಯಿತು. ಹಳೆಯ ಲೆಕ್ಕ ಎಷ್ಟು ಕಡಿಮೆಯಾಗಿತ್ತು ಎಂಬುದಕ್ಕೆ ಹೊಸ ಲೆಕ್ಕವೇ ಸಾಕ್ಷಿ.

ಯಾವುದೇ ಅಣೆಕಟ್ಟಿನ ವಿನ್ಯಾಸ ಪ್ರವಾಹವನ್ನು ನಿರ್ಧರಿಸುವುದು ಲಭ್ಯವಿರುವ ಮಳೆಯ ಮತ್ತು ನೀರಿನ ಹರಿವಿನ ದಾಖಲೆಗಳ ಆಧಾರದ ಮೇಲೆ. ದಾಖಲೆಯ ಅವಧಿ ಚಿಕ್ಕದಾಗಿದ್ದರೆ ಆ ಅವಧಿಯ ದೊಡ್ಡ ನೆರೆಯೇ ನದಿಯ ಗರಿಷ್ಠ ನೆರೆಯೆಂದು ಭಾಸವಾಗುತ್ತದೆ. ಹತ್ತು ವರ್ಷದ ವಹಿವಾಟು ನೋಡಿ ಮುಂದಿನ ನೂರು ವರ್ಷಕ್ಕೆ ಬಂಡವಾಳ ಹೂಡಿದ ವರ್ತಕನ ಸ್ಥಿತಿ ಇದೇ ಅಲ್ಲವೇ?

ದುರಂತದ ಕಾರಣಗಳನ್ನು ತಿಳಿಯಲು ನೇಮಿಸಿದ್ದ ವಿಚಾರಣಾ ಆಯೋಗವನ್ನು ಅದು ವರದಿ ಸಲ್ಲಿಸುವ ಮೊದಲೇ 1981ರಲ್ಲಿ ರದ್ದುಪಡಿಸಲಾಯಿತು. ಮೂವತ್ತು ವರ್ಷಗಳ ನಂತರ, 2011ರಲ್ಲಿ, ಉತ್ಪಲ್ ಸಂದೇಸರಾ ಮತ್ತು ಟಾಮ್ ವೂಟನ್ ಎಂಬ ಇಬ್ಬರು ಸಂಶೋಧಕರು ಈ ದುರಂತದ ಬಗ್ಗೆ ವಿಸ್ತಾರವಾದ ಗ್ರಂಥವೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಲೆಕ್ಕ ತಪ್ಪುವುದು ಒಂದು ದೋಷ. ತಪ್ಪಿದ ಲೆಕ್ಕವನ್ನು ತಪಾಸಣೆಗೆ ಒಳಪಡಿಸದಿರುವುದು ಅದಕ್ಕಿಂತ ದೊಡ್ಡ ದೋಷ. ಲೆಕ್ಕಪರಿಶೋಧನೆಯ ಮಹತ್ವ ಬಲ್ಲ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

1998ರ ಚಂಡಮಾರುತ, 2001ರ ಭೂಕಂಪ

ಮೋರ್ಬಿಯ ಬಂದರು ನವಲಖಿ. ಅದು ಕಚ್ಛ ಕೊಲ್ಲಿಯ ಒಳತುದಿಯಲ್ಲಿದೆ. ಅದರ ಎದುರು ದಡದ ಕಾಂಡ್ಲಾ ಬಂದರನ್ನು 1998ರ ಜೂನ್ 9ರಂದು ತೀವ್ರ ಚಂಡಮಾರುತ ಅಪ್ಪಳಿಸಿತು. ಉಕ್ಕಿಬಂದ ಸಮುದ್ರದ ನೀರು ತಗ್ಗಿನಲ್ಲಿದ್ದ ಉಪ್ಪಿನ ಆಗರಗಳನ್ನೂ ಕಾರ್ಮಿಕರ ಜೋಪಡಿಗಳನ್ನೂ ಮುಳುಗಿಸಿತು. ಗುಜರಾತಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಚಂಡಮಾರುತ ಬರುತ್ತಿದೆ ಎಂಬ ಸುದ್ದಿ ಇದ್ದರೂ ಆಗರಗಳಲ್ಲಿ ದುಡಿಯುತ್ತಿದ್ದವರಿಗೆ ಅದು ಸಮರ್ಪಕವಾಗಿ ತಲುಪಿರಲಿಲ್ಲ. 1979ರಲ್ಲಿ ತಂತಿ ಕಡಿದಿತ್ತು. 1998ರಲ್ಲಿ ಸುದ್ದಿ ನಡುದಾರಿಯಲ್ಲಿ ನಿಂತಿತು. ಪರಿಣಾಮ ಮಾತ್ರ ಒಂದೇ.

ಮೂರು ವರ್ಷ ತುಂಬುವ ಮೊದಲೇ, 2001ರ ಜನವರಿ 26ರ ಬೆಳಗ್ಗೆ 8 ಗಂಟೆ 46 ನಿಮಿಷಕ್ಕೆ, ಚಿಕ್ಕ ರಣದ ಆಚೆಗಿನ ಭಚಾವು ಸಮೀಪ ಭೂಮಿ ಕಂಪಿಸಿತು. ಕ್ಷಣ ಪರಿಮಾಣ ಮಾಪನದಲ್ಲಿ 7.7ರಷ್ಟಿದ್ದ ಈ ಭೂಕಂಪಕ್ಕೆ ಗುಜರಾತಿನಲ್ಲಿ ಸುಮಾರು 13,800 ಜನ ಬಲಿಯಾದರು. ಕಚ್ಛಕ್ಕೆ ಭೂಕಂಪ ಹೊಸದಲ್ಲ. 1819ರ ಜೂನ್ 16ರ ಕಂಪನ ಅಲ್ಲಿನ ನೆಲವನ್ನೇ ಮೇಲೆತ್ತಿ 'ಅಲ್ಲಾಬಂದ್' ಎಂಬ ದಿಬ್ಬವನ್ನು ಸೃಷ್ಟಿಸಿತ್ತು. 1956ರ ಜುಲೈ 21ರಂದು ಅಂಜಾರ್ ಪಟ್ಟಣ ಹಾನಿಗೊಂಡಿತ್ತು. 2001ರಲ್ಲಿ ಮೋರ್ಬಿಯ ಮಣಿಮಂದಿರದಂತಹ ಹಳೆಯ ಕಟ್ಟಡಗಳೂ, ಸೆರಾಮಿಕ್ ಘಟಕಗಳೂ ಹಾನಿ ಅನುಭವಿಸಿದವು.

ಇಲ್ಲಿ ಉದ್ಯಮಿಗಳು ಗಮನಿಸಬೇಕಾದ ಎರಡು ಸಂಗತಿಗಳಿವೆ. ಒಂದು, ಅಂದಿನ ಅಗ್ನಿ ವಿಮಾ ಪಾಲಿಸಿಗಳಲ್ಲಿ ಭೂಕಂಪದ ರಕ್ಷಣೆ ಬೇಕೆಂದರೆ ಪ್ರತ್ಯೇಕ ಪ್ರೀಮಿಯಂ ತೆರಬೇಕಾಗಿತ್ತು. ಆ ಸಣ್ಣ ಮೊತ್ತವನ್ನು ಉಳಿಸಿದವರಿಗೆ, ಕೈಯಲ್ಲಿ ಪಾಲಿಸಿ ಇದ್ದರೂ ಹಣ ಬರಲಿಲ್ಲ. ಎರಡು, ಭೂಕಂಪದ ನಂತರ 2001ರ ಜುಲೈ ಅಂತ್ಯದಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಅಬಕಾರಿ ಸುಂಕ ವಿನಾಯಿತಿ ಕಚ್ಛ ಜಿಲ್ಲೆಯ ಹೊಸ ಘಟಕಗಳಿಗೆ ಮೀಸಲಾಗಿತ್ತು. ಮೋರ್ಬಿ ಆಗ ರಾಜಕೋಟ್ ಜಿಲ್ಲೆಗೆ ಸೇರಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 2013ರಲ್ಲಿ. ಭೂಕಂಪ ಜಿಲ್ಲೆಯ ಗಡಿ ನೋಡಿ ನಿಲ್ಲುವುದಿಲ್ಲ, ಆದರೆ ಸವಲತ್ತು ಗಡಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ಸರ್ಕಾರದ ನೆರವನ್ನೇ ನಂಬಿ ಯಾವ ಉದ್ಯಮಿಯೂ ತನ್ನ ಯೋಜನೆ ರೂಪಿಸಿಕೊಳ್ಳಲಾಗದು.

ಈ ಭೂಕಂಪದ ನಂತರ ಗುಜರಾತ್ ಸರ್ಕಾರವು ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕ ಪ್ರಾಧಿಕಾರವನ್ನು 2001ರಲ್ಲಿಯೇ ಸ್ಥಾಪಿಸಿ, 2003ರಲ್ಲಿ ಕಾಯಿದೆಯನ್ನೂ ತಂದಿತು. ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆ 2005ರಲ್ಲಿ ಬಂದಿತು.

ತೂಗುಸೇತುವೆಯ ದುರಂತ

ಮಚ್ಛು ನದಿಗೆ ಅಡ್ಡಲಾಗಿ 1879ರಲ್ಲಿ ಉದ್ಘಾಟನೆಗೊಂಡಿದ್ದ ತೂಗುಸೇತುವೆ ಮೋರ್ಬಿಯ ಹೆಮ್ಮೆಯಾಗಿತ್ತು. 2001ರ ಭೂಕಂಪದಲ್ಲಿ ಅದಕ್ಕೆ ತೀವ್ರ ಧಕ್ಕೆಯಾಗಿತ್ತು. 2022ರಲ್ಲಿ ದುರಸ್ತಿ ಮುಗಿಸಿ ಸಾರ್ವಜನಿಕರಿಗೆ ತೆರೆದ ಕೆಲವೇ ದಿನಗಳಲ್ಲಿ, ಅಕ್ಟೋಬರ್ 30ರ ಸಂಜೆ, ಜನಜಂಗುಳಿಯ ಭಾರಕ್ಕೆ ಕುಸಿದು 135 ಮಂದಿ ಅಸುನೀಗಿದರು. ಮುಖ್ಯ ಕೇಬಲ್ ಒಂದರ 49 ತಂತಿಗಳಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದವೆಂದು ವಿಶೇಷ ತನಿಖಾ ತಂಡ ವರದಿ ಮಾಡಿತು. ಇದು ನಿಸರ್ಗದ ವಿಕೋಪವಲ್ಲ. ಆದರೂ ಇಲ್ಲಿ ಪ್ರಸ್ತಾಪಿಸಲು ಕಾರಣವಿದೆ: ಎಷ್ಟು ಭಾರ ತಡೆಯಬಲ್ಲದು, ಎಷ್ಟು ಭಾರ ಬರಬಹುದು ಎಂಬ ಎರಡು ಅಂಕಿಗಳನ್ನು ಎದುರುಬದುರು ಇಟ್ಟು ನೋಡದಿದ್ದರೆ ಏನಾಗುವುದೆಂಬುದನ್ನು 1979ರ ಅಣೆಕಟ್ಟಿನಂತೆಯೇ ಈ ಸೇತುವೆಯೂ ತೋರಿಸಿತು.

ಎಚ್ಚರಿಕೆ ತಲುಪಿದಾಗ

2023ರ ಜೂನ್ 15ರ ರಾತ್ರಿ 'ಬಿಪರ್‌ಜಾಯ್' ಚಂಡಮಾರುತ ಕಚ್ಛದ ಜಖಾವು ಬಂದರಿನ ಬಳಿ ಭೂಮಿಗೆ ಅಪ್ಪಳಿಸಿತು. ಹವಾಮಾನ ಇಲಾಖೆ ದಿನಗಳ ಮೊದಲೇ ಅದರ ಪಥವನ್ನು ಪ್ರಕಟಿಸಿತ್ತು. ಕರಾವಳಿಯ ಸುಮಾರು ಒಂದು ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು; ಬಂದರುಗಳ ಕೆಲಸ ನಿಲ್ಲಿಸಲಾಯಿತು. ಮೋರ್ಬಿ ಜಿಲ್ಲೆಯ ಮಾಳಿಯಾ ತಾಲ್ಲೂಕಿನಲ್ಲಿ ವಿದ್ಯುತ್ ಕಂಬಗಳು ಉರುಳಿ ಹಲವು ಗ್ರಾಮಗಳು ಕತ್ತಲಲ್ಲಿ ಮುಳುಗಿದವು. ಆಸ್ತಿಪಾಸ್ತಿಗೆ ಅಪಾರ ಹಾನಿಯಾಯಿತು. ಆದರೆ 1998ರಂತೆ ಸಾವಿರ ಜನ ಸಾಯಲಿಲ್ಲ. ಜೀವಹಾನಿ ಬೆರಳೆಣಿಕೆಯಲ್ಲಿ ನಿಂತಿತು. ಅದೇ ಕಡಲು, ಅದೇ ಕೊಲ್ಲಿ. ನಡುವಿನ ಇಪ್ಪತ್ತೈದು ವರ್ಷಗಳಲ್ಲಿ ಬದಲಾದದ್ದು ಎಚ್ಚರಿಕೆಯ ವ್ಯವಸ್ಥೆ.

ನಮ್ಮ ರಾಜ್ಯದ ಸಂದರ್ಭದಲ್ಲಿ

ಇದೆಲ್ಲವೂ ದೂರದ ಗುಜರಾತಿನ ಕಥೆಯೆಂದು ಸುಮ್ಮನಿರುವಂತಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕ ಕಂಡ ಪ್ರವಾಹದಲ್ಲಿ 200ಕ್ಕೂ ಹೆಚ್ಚು ಜನ ಮೃತಪಟ್ಟರು. 2019ರ ಆಗಸ್ಟಿನಲ್ಲಿ ಘಟಪ್ರಭೆಯ ನೆರೆ ಗೋಕಾಕ ಪಟ್ಟಣಕ್ಕೆ ನುಗ್ಗಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಅಣೆಕಟ್ಟಿಗೆ ಧಕ್ಕೆಯಾಗಲಿಲ್ಲ, ಒಂದು ವಾರದೊಳಗೆ ತಾತ್ಕಾಲಿಕ ತಡೆಗೇಟನ್ನೂ ಅಳವಡಿಸಲಾಯಿತು. ಆದರೂ ಜಲಾಶಯದ ಒತ್ತಡ ಇಳಿಸಲು ಅಪಾರ ಪ್ರಮಾಣದ ನೀರನ್ನು ನದಿಗೆ ಬಿಡಬೇಕಾಯಿತು. ಕೆಳಭಾಗದ ಕಂಪ್ಲಿ, ಗಂಗಾವತಿ ಸೀಮೆಯ ಭತ್ತದ ಬೆಳೆಗಾರರಿಗೂ ರೈಸ್ ಮಿಲ್ ಮಾಲೀಕರಿಗೂ ಆ ದಿನಗಳು ಆತಂಕದ ದಿನಗಳಾಗಿದ್ದವು.

2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ಈ ದಿಸೆಯಲ್ಲಿ ಒಂದು ಮುಖ್ಯ ಹೆಜ್ಜೆ. ಕಾಯಿದೆಯ ವ್ಯಾಪ್ತಿಗೆ ಬರುವ ಪ್ರತಿ ಅಣೆಕಟ್ಟಿಗೂ ತುರ್ತು ಕಾರ್ಯಯೋಜನೆ ಇರಬೇಕು. ಹಳೆಯ ಅಣೆಕಟ್ಟುಗಳಿಗೆ ಕಾಯಿದೆ ಜಾರಿಯಾದ ಐದು ವರ್ಷಗಳೊಳಗೆ ಅದನ್ನು ಸಿದ್ಧಪಡಿಸಬೇಕು. ನದಿಯ ಕೆಳಭಾಗದ ಪ್ರತಿ ಊರಿನ ವರ್ತಕರ ಸಂಘವೂ ತನ್ನ ಊರಿಗೆ ಸಂಬಂಧಿಸಿದ ಯೋಜನೆಯಲ್ಲಿ ಏನಿದೆ ಎಂದು ಕೇಳಿ ತಿಳಿದುಕೊಳ್ಳುವುದು ಒಳಿತು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಊರಿನ ನೆರೆಮಟ್ಟ: ತಮ್ಮ ಅಂಗಡಿ, ಗೋದಾಮು ಅಥವಾ ಶೆಡ್ ಇರುವ ಜಾಗದಲ್ಲಿ ಈ ಹಿಂದೆ ನೀರು ಎಷ್ಟು ಎತ್ತರಕ್ಕೆ ಬಂದಿತ್ತು ಎಂಬುದನ್ನು ಹಿರಿಯರಿಂದ ವಿಚಾರಿಸಿ ಗೋಡೆಯ ಮೇಲೆ ಗುರುತು ಹಾಕಿಡಬೇಕು. ಬೆಲೆಬಾಳುವ ಸರಕು, ಮೋಟಾರು, ವಿದ್ಯುತ್ ಫಲಕ ಆ ಗುರುತಿಗಿಂತ ಮೇಲಿರಬೇಕು. ಹಿಂದಿನ ಗುರುತೇ ಕೊನೆಯ ಮಾತಲ್ಲ ಎಂಬುದನ್ನು ಮೋರ್ಬಿ ಕಲಿಸಿದೆ. ಅದಕ್ಕಿಂತ ಸಾಕಷ್ಟು ಎತ್ತರ ಬಿಡುವುದು ಜಾಣತನ.

2. ಲೆಕ್ಕಪತ್ರ: ಖಾತೆ, ಬಾಕಿ ಪಟ್ಟಿ, ದಾಸ್ತಾನು ವಹಿ, ಯಂತ್ರಗಳ ಬಿಲ್ಲು ಇವುಗಳ ಪ್ರತಿಯನ್ನು ಬೇರೊಂದು ಊರಿನಲ್ಲಿ ಇಡಬೇಕು. ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು ಪ್ರತಿದಿನವೂ ಹೊರಗಡೆ ನಕಲು ಉಳಿಸುವ ವ್ಯವಸ್ಥೆ ಮಾಡಿಕೊಳ್ಳಬೇಕು. ವಿಮಾ ಸರ್ವೇಯರು ಬಂದಾಗ ಮೊದಲು ಕೇಳುವುದು ಈ ದಾಖಲೆಗಳನ್ನೇ.

3. ವಿಮೆಯ ವ್ಯಾಪ್ತಿ: 2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗೆ ಎರಡು ಏಕರೂಪದ ಪಾಲಿಸಿಗಳು ಬಂದಿವೆ. ಒಂದು ಸ್ಥಳದಲ್ಲಿನ ಆಸ್ತಿ 5 ಕೋಟಿ ರೂಪಾಯಿವರೆಗೆ ಇದ್ದರೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ', 5 ಕೋಟಿ ಮೀರಿ 50 ಕೋಟಿವರೆಗೆ ಇದ್ದರೆ 'ಭಾರತ್ ಲಘು ಉದ್ಯಮ ಸುರಕ್ಷಾ'. ಇವುಗಳಲ್ಲಿ ಪ್ರವಾಹ, ಬಿರುಗಾಳಿಗಳೊಂದಿಗೆ ಭೂಕಂಪವೂ ಸೇರಿದೆ. ಹಳೆಯ ಪಾಲಿಸಿಯನ್ನೇ ನವೀಕರಿಸುತ್ತ ಬಂದವರು ಅದರಲ್ಲಿ ಏನಿದೆ, ಏನಿಲ್ಲ ಎಂದು ಓದಿ ನೋಡಬೇಕು.

4. ವಿಮೆಯ ಮೊತ್ತ: 40 ಲಕ್ಷ ರೂಪಾಯಿ ಸರಕಿಗೆ 20 ಲಕ್ಷದ ವಿಮೆ ಮಾಡಿಸಿ, 10 ಲಕ್ಷ ನಷ್ಟವಾದರೆ, ಕೈಗೆ ಬರುವುದು 10 ಲಕ್ಷವಲ್ಲ, ಸುಮಾರು 5 ಲಕ್ಷ ಮಾತ್ರ. ಕಡಿಮೆ ವಿಮೆಗೆ ಕಡಿತ ಮಾಡುವ ನಿಯಮ ಇದು. ಮೇಲಿನ ಎರಡು ಪಾಲಿಸಿಗಳಲ್ಲಿ ಶೇ. 15ರವರೆಗಿನ ಕೊರತೆಯನ್ನು ಲೆಕ್ಕಿಸುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಕಡಿತ ತಪ್ಪದು. ಬ್ಯಾಂಕಿನ ಸಾಲಕ್ಕಾಗಿ ಮಾಡಿಸಿದ ವಿಮೆಯಿಂದ ಬ್ಯಾಂಕಿನ ಬಾಕಿ ತೀರಬಹುದು. ಮಾಲೀಕನ ಪಾಲು ಉಳಿಯಬೇಕಾದರೆ ಸರಕಿನ ಪೂರ್ಣ ಬೆಲೆಗೆ ವಿಮೆ ಇರಬೇಕು.

5. ಕೆಲಸ ನಿಂತ ದಿನಗಳು: ಕಟ್ಟಡ ಮತ್ತು ಸರಕಿನ ವಿಮೆಯಲ್ಲಿ ಉತ್ಪಾದನೆ ನಿಂತ ಕಾಲದ ಲಾಭನಷ್ಟ ಸಾಮಾನ್ಯವಾಗಿ ಸೇರಿರುವುದಿಲ್ಲ. ಅದಕ್ಕೆ ಪ್ರತ್ಯೇಕ ರಕ್ಷಣೆ ಪಡೆಯಬೇಕು. ಕಾರ್ಮಿಕರ ಸಂಬಳ, ಬಡ್ಡಿ, ಬಾಡಿಗೆ ನೆರೆ ಬಂತೆಂದು ನಿಲ್ಲುವುದಿಲ್ಲ.

6. ಸುದ್ದಿಯ ಸರಪಳಿ: ಪ್ರತಿ ಬಜಾರಿನ ವರ್ತಕರ ಸಂಘವೂ ಮಳೆಗಾಲದಲ್ಲಿ ಅಣೆಕಟ್ಟಿನ ನೀರಿನ ಮಟ್ಟ ಮತ್ತು ಹೊರಹರಿವನ್ನು ದಿನವೂ ತಿಳಿದು ಸದಸ್ಯರಿಗೆ ಮುಟ್ಟಿಸಲು ಒಬ್ಬರನ್ನು ನೇಮಿಸಬೇಕು. ಮೊಬೈಲ್ ಕೆಟ್ಟರೆ ಏನು ಮಾಡುವುದೆಂಬುದೂ ಮೊದಲೇ ನಿಶ್ಚಯವಾಗಿರಬೇಕು. ಹಮಾಲರು, ರಾತ್ರಿ ಕಾವಲುಗಾರರು, ಗೋದಾಮಿನಲ್ಲಿಯೇ ಮಲಗುವ ಕಾರ್ಮಿಕರು ಇವರಿಗೂ ಸುದ್ದಿ ತಲುಪಲೇಬೇಕು. ಕಾಂಡ್ಲಾದಲ್ಲಿ ಬಲಿಯಾದವರು ಇಂತಹವರೇ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಮೋರ್ಬಿಯ ಜನ ಸೂರೆಹೋದ ಕೋಟೆಯನ್ನು ಮತ್ತೆ ಕಟ್ಟಿದರು. ಅವರ ಶ್ರಮ, ಸಾಹಸ ಮತ್ತು ಪರಸ್ಪರ ಸಹಕಾರ ಪ್ರಶಂಸನೀಯ. ಆದರೆ ಆ ಪುನರ್ನಿರ್ಮಾಣಕ್ಕೆ ಅವರು ತೆತ್ತ ಬೆಲೆಯನ್ನು ಮರೆತು ಅವರ ಯಶಸ್ಸನ್ನಷ್ಟೇ ಕೊಂಡಾಡುವುದು ಸರಿಯಲ್ಲ. ನಮ್ಮ ಸದಸ್ಯರು ಮುಂದಿನ ಮುಂಗಾರಿಗೆ ಮುನ್ನ ತಮ್ಮ ವಿಮಾ ಪಾಲಿಸಿಯನ್ನು ಒಮ್ಮೆ ಹೊರತೆಗೆದು ಓದಲಿ, ಮೇಲ್ಭಾಗದ ಅಣೆಕಟ್ಟು ಯಾವುದೆಂದು ತಿಳಿದುಕೊಳ್ಳಲಿ, ಗೋದಾಮಿನ ಗೋಡೆಯ ಮೇಲೆ ಒಂದು ಗೆರೆ ಎಳೆದಿಡಲಿ. ಇವುಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಮಾಡದೆ ಬಿಟ್ಟರೆ ಆಗಬಹುದಾದ ನಷ್ಟವನ್ನು ಮೋರ್ಬಿ ಒಮ್ಮೆ ಅನುಭವಿಸಿ ತೋರಿಸಿದೆ.